ಅವಳು ಬರೆದ ನನ್ನ ಜರ್ನಲ್

ಬಿ.ಎಸ್ಸಿ. ಓದುವಾಗ ನಾನು ಬರೆದ ಕತೆಗಳಿಗೆಲ್ಲ ಬೇರೊಬ್ಬಳ ಬೆರಳು ನೋಯುತ್ತಿದ್ದವು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾದವು. ಒಪ್ಪಿಕೊಂಡ ಮೇಲೂ ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ.

ಜಮಖಂಡಿಯಲ್ಲಿ ಕಾಲೇಜಿನ ಹಿಂದಿನ ಓಣಿಯಲ್ಲಿ ನಾವಿಬ್ಬರೂ ಒಂದು ಖೋಲಿ ಹಿಡಿದಿದ್ದೆವು. ನಾನು ಮುಧೋಳದ ಕಡೆಯ ಕಬ್ಬಿನ ಹೊಲದವರ ಮಗಳು, ಅವಳು ರಬಕವಿಯ ನೇಕಾರರ ಮಗಳು. ಮಗ್ಗದ ಸದ್ದಿನ ನಡುವೆ ಬೆಳೆದದ್ದರಿಂದ ಅವಳ ದನಿ ಯಾವಾಗಲೂ ಎತ್ತರ. ಅಕ್ಷರ ಮಾತ್ರ ಅಚ್ಚು ಹೊಡೆದಂತೆ. ಎರಡನೇ ವರ್ಷ ಒಮ್ಮೆ ನನಗೆ ಜ್ವರ ಬಂದಾಗ ನನ್ನ ರಸಾಯನಶಾಸ್ತ್ರದ ಜರ್ನಲ್ಲನ್ನು ಅವಳೇ ಬರೆದುಕೊಟ್ಟಳು. ಜ್ವರ ಹೋಯಿತು, ರೂಢಿ ಉಳಿಯಿತು. ಮಧ್ಯಾಹ್ನ ಅವಳು ಚಾಪೆಯ ಮೇಲೆ ಕೂತು ನನ್ನ ಪ್ರಯೋಗಗಳನ್ನು ಬರೆಯುತ್ತಿದ್ದಳು, ನಾನು ಕಿಟಕಿಯ ಬಳಿ ಕತೆ ಬರೆಯುತ್ತಿದ್ದೆ. ಬರೆಯುತ್ತಲೇ ಅವಳು ಮನೆಯ ಸುದ್ದಿ ಹೇಳುತ್ತಿದ್ದಳು. ಅವಳ ಅಕ್ಕ ಗಂಡನ ಮನೆ ಬಿಟ್ಟು ಬಂದಿದ್ದಳು. ಮೈಯಲ್ಲಿ ಆರಾಮಿಲ್ಲ, ಅದಕ್ಕೇ ತವರಿನಲ್ಲಿದ್ದಾಳೆ ಎಂದು ಮನೆಯವರು ಓಣಿಗೆ ಹೇಳಿದ್ದರು. ಅಕ್ಕನಿಗೆ ಯಾವ ಜಡ್ಡೂ ಇರಲಿಲ್ಲ. ಹೊಡೆಯುವ ಗಂಡನ ಬಳಿ ಇನ್ನು ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಕೊನೆಯ ವರ್ಷ ಕಾಲೇಜಿನ ಸಂಚಿಕೆಗೆ ಕತೆ ಕೇಳಿದರು. ನಾನು ಅದನ್ನೇ ಬರೆದೆ. ಮಗ್ಗ, ಅಕ್ಕ, ಸುಳ್ಳು ಜಡ್ಡು ಎಲ್ಲವೂ ಬಂದವು. ಊರನ್ನು ಮಾತ್ರ ಬನಹಟ್ಟಿ ಮಾಡಿದೆ. ರಬಕವಿ, ಬನಹಟ್ಟಿ ಒಂದಕ್ಕೊಂದು ಅಂಟಿಕೊಂಡ ಊರುಗಳು ಎಂಬುದು ಅಲ್ಲಿಯವರಿಗೆಲ್ಲ ಗೊತ್ತು. ಸಂಚಿಕೆ ಒಂದೇ ವಾರದಲ್ಲಿ ಅವಳ ಓಣಿ ಮುಟ್ಟಿತು.

ಅಲ್ಲಿಂದ ಬಂದವಳು ಅವಳ ಅಕ್ಕ. ಬಸ್ಸಿಳಿದು ನೇರ ಖೋಲಿಗೇ ಬಂದಿದ್ದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಅದು ಬರೀ ಕತೆ, ಎಲ್ಲ ಕಲ್ಪನೆ ಎಂದು ನಾನು ಶುರುಮಾಡಿದೆ. ಅವಳು ತಡೆದಳು.

"ನೀ ಬರದದ್ದು ಸುಳ್ಳಲ್ಲ, ಖರೇನ ಐತಿ. ಆದ್ರ ಅದು ನಂದು. ನಿನಗ ಯಾರು ಕೊಟ್ರು?"

ತಂಗಿಯತ್ತ ತಿರುಗಿ ನೋಡಿದಳು. ಇವಳು ತಲೆ ತಗ್ಗಿಸಿದಳು. ಕೊಟ್ಟವಳು ಇವಳೇ ಎಂಬುದು ಅಲ್ಲಿ ಮೂವರಿಗೂ ತಿಳಿದಿತ್ತು. ಆ ಕ್ಷಣದಲ್ಲಾದರೂ ನಾನು ತಪ್ಪಾಯಿತು ಅನ್ನಬಹುದಿತ್ತು. ನನ್ನ ತಲೆಯಲ್ಲಿದ್ದದ್ದು ಬೇರೆ: ಕನ್ನಡದ ಸರ್ ನನ್ನ ಕತೆಯನ್ನು ತರಗತಿಯಲ್ಲಿ ಹೊಗಳಿದ್ದರು. ನಿಮ್ಮಂಥವರ ಕಷ್ಟವನ್ನು ಯಾರಾದರೂ ಬರೆಯಲೇಬೇಕಲ್ಲ ಎಂದುಬಿಟ್ಟೆ. ಅಕ್ಕ ಎದ್ದು ಹೋದಳು.

ಅಂದಿನಿಂದ ಖೋಲಿಯಲ್ಲಿ ಎರಡು ಒಲೆ ಉರಿದವು. ನನ್ನ ಅನ್ನ ನನಗೆ, ಅವಳ ರೊಟ್ಟಿ ಅವಳಿಗೆ. ನನ್ನ ಜರ್ನಲ್ಲನ್ನು ತಂದು ನನ್ನ ಹಾಸಿಗೆಯ ಮೇಲೆ ಒಗೆದಳು. ಇನ್ನೂ ಒಂಬತ್ತು ಪ್ರಯೋಗ ಬಾಕಿಯಿದ್ದವು, ಪ್ರಾಕ್ಟಿಕಲ್ ಪರೀಕ್ಷೆಗೆ ಉಳಿದದ್ದು ಎಂಟು ದಿನ. ಅವಳು ಬೇಕೆಂದೇ ನನ್ನ ಎದುರು ತನ್ನ ಮುಗಿದ ಜರ್ನಲ್ಲಿಗೆ ಹೊಸ ರಟ್ಟು ಹಾಕುತ್ತ ಕೂತಳು. ನಾನೂ ಬೇಕೆಂದೇ ಆ ಕತೆಯನ್ನು ದೊಡ್ಡ ದನಿಯಲ್ಲಿ ಓದಿಕೊಂಡೆ. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹೇಗೋ ಗೀಚಿ ಮುಗಿಸಿ ಸಹಿಗೆ ಒಯ್ದೆ. ರಸಾಯನಶಾಸ್ತ್ರದ ಸರ್ ಹಾಳೆ ತಿರುವುತ್ತ ನಡುವೆ ನಿಂತರು. ಇಲ್ಲಿಯವರೆಗಿನದು ಯಾರ ಕೈ ಎಂದು ಕೇಳಿದರು. ನನ್ನದೇ ಎಂದೆ. ಅವರು ಅವಳನ್ನು ಕರೆಸಿದರು. ಅವಳು ಸುಳ್ಳು ಹೇಳಿ ನನ್ನನ್ನು ಉಳಿಸುತ್ತಾಳೆ ಎಂದು ಆಗಲೂ ನಂಬಿದ್ದೆ.

"ನಾನ ಬರದೇನ್ರಿ," ಎಂದಳು. "ಆಕಿಗೆ ಕತಿ ಬರಿಯೋದಿತ್ರಿ."

ಹೇಳಿದ್ದು ಸರ್‌ಗೆ, ನೋಡಿದ್ದು ನನ್ನನ್ನು. ಸರ್ ಅವಳನ್ನು ಎಲ್ಲರೆದುರು ಬೈದು ಅವಳ ಜರ್ನಲ್ಲಿಗೆ ಸಹಿ ಹಾಕಿದರು. ನನ್ನದಕ್ಕೆ ಹಾಕಲಿಲ್ಲ. ಜರ್ನಲ್ ಇಲ್ಲದೆ ಪರೀಕ್ಷೆಗೆ ಕೂರಿಸಲಿಲ್ಲ, ನನಗೊಂದು ವರ್ಷ ಹೋಯಿತು. ಅಪ್ಪ ಮುಧೋಳದಿಂದ ಬಂದು ನನ್ನ ಟ್ರಂಕು ಎತ್ತಿಕೊಂಡು ಊರಿಗೆ ಕರೆದೊಯ್ದರು. ಮರುವರ್ಷ ಮತ್ತೆ ಕಾಲೇಜಿಗೆ ಬಂದು ಮೂವತ್ತೆರಡು ಪ್ರಯೋಗಗಳನ್ನೂ ನಾನೇ ಬರೆದೆ, ಕತೆ ಒಂದೂ ಬರೆಯಲಿಲ್ಲ.

ಅವಳೀಗ ಸಮೀರವಾಡಿಯಲ್ಲಿ ಶಿಕ್ಷಕಿ. ಹೋದ ವರ್ಷ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಕ್ಷಮೆ ಕೇಳಬೇಕೆಂದು ಹತ್ತಿರ ಹೋದೆ. ಅಕ್ಕ ಹೇಗಿದ್ದಾಳೆ ಎಂಬ ಮಾತು ಮೊದಲು ಬಾಯಿಗೆ ಬಂತು.

"ಯಾಕ, ಮತ್ತ ಬರಿಯಾಕತ್ತೀಯೇನು?" ಎಂದಳು. ಬಸ್ಸು ಬಂತು, ಹತ್ತಿ ನನಗೆ ಕಾಣದ ಆ ಕಡೆಯ ಕಿಟಕಿಗೆ ಕೂತಳು.