ಚರಗದ ಕೂಗಿಗೆ ಓಗೊಡುವವರು

ಎಳ್ಳಮಾಸಿ ಹತ್ತಿರ ಬಂದಾಗ ಸರಸಂಬಾದ ಶಾಲೆಯವರು ಮಕ್ಕಳಿಗೆ ಒಕ್ಕಲುತನದ ನಾಲ್ಕು ಮಾತು ಹೇಳಲು ನನ್ನನ್ನು ಕರೆದರು. ಆ ಅಮಾವಾಸ್ಯೆಯ ದಿನ ನಾವು ಉಣ್ಣುವ ಮೊದಲು ಹೊಲದಲ್ಲಿ ಕಾಳು-ಸೊಪ್ಪಿನ ಭಜ್ಜಿ, ರೊಟ್ಟಿ ಕಲಸಿದ ಎಡೆಯನ್ನು ಚರಗವೆಂದು ಚೆಲ್ಲುತ್ತೇವೆ ಎಂದೆ.

ಒಬ್ಬ ಹುಡುಗಿ ಎದ್ದಳು. "ಅನ್ನ ಚೆಲ್ಲಬಾರದಂತ ನಮ್ಮ ಟೀಚರ್ ಹೇಳ್ಯಾರ್ರಿ."

"ವರ್ಷವೆಲ್ಲಾ ಭೂಮಿತಾಯಿ ನಮಗ ಉಣಿಸ್ತಾಳವ್ವಾ. ಒಂದಿನ ನಾವು ಆಕಿಗೆ ಉಣಿಸಬ್ಯಾಡೇನು?"

"ಹೆಂಗ ಉಣಿಸ್ತೀರಿ? ಮಾಡಿ ತೋರಸ್ರಿ ಮತ್ತ!"

ಮುಂದಿನವರು ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು ಓಗೊಡಬೇಕು. ಅದನ್ನು ಮಕ್ಕಳಿಗೆ ಹೇಳಿ, ಖಾಲಿ ಕೈ ಬೀಸಿ ಕೂಗಿದೆ. ಮನೆಯಾಕೆ ಲಿಂಗೈಕ್ಯಳಾದ ಮೇಲೆ ನನ್ನ ಹಿಂದೆ ಓಗೊಡುವವರಿಲ್ಲ. ಈ ಮಕ್ಕಳಾದರೂ ಒಂದು ಸಲ ಕೂಗಿಯಾರೆಂದು ಕಾದು ನಿಂತೆ.

ಅವರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು.

ಶರಣು ಎಂದು ಕೈಮುಗಿದು ಹೊರಬಂದೆ. ಇಷ್ಟು ವರ್ಷ ಚರಗ ಚೆಲ್ಲಿದವನಿಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.