ಬೇರೆ ಕೈಯ ಕಾರ್ಡು

ಕಿಗೋಮಾದ ಸಂತೆಯಲ್ಲಿ ಚೌಸಿಕು ಪಕ್ಕ ಕೂತು ಇಪ್ಪತ್ತು ವರ್ಷ ಒಣಮೀನು ಮಾರಿದವಳು ನಾನು. ಅವಳ ಬಾಯಿ ಜೋರು, ಬರೆಯುವ ಅಂಚೆ ಕಾರ್ಡು ಮಾತ್ರ ನಾಲ್ಕೇ ಸಾಲು. ತಿಂಗಳಿಗೊಂದು, ತಬೋರಾದ ಗೆಳತಿ ನ್ಯಾಮಿಜಿಗೆ. ಮದುವೆಗೆ ಮುಂಚೆ ಇಬ್ಬರೂ ಅಲ್ಲಿ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು. ‘ನಾನು ಕ್ಷೇಮ, ನನಗಿರುವ ಭಯವೆಲ್ಲ ನಿನ್ನ ಬಗ್ಗೆಯೇ. ನಿನ್ನ ಗಂಡನ ಗೊರಕೆ ಇಲ್ಲಿಗೂ ಕೇಳಿಸುತ್ತಿದೆ, ಒದ್ದು ಮಗ್ಗುಲು ತಿರುಗಿಸು.’ ಅಷ್ಟೇ. ಅಲ್ಲಿಂದಲೂ ಅಂಥದೇ ಉತ್ತರ. ಅದನ್ನು ನನಗೆ ಓದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಓದು ಬಾರದ ನಮ್ಮ ಬೀದಿಯವರಿಗೆಲ್ಲ ಅವಳೇ ಬರೆದುಕೊಡುತ್ತಿದ್ದಳು. ನಮ್ಮಲ್ಲಿ ಸಾವನ್ನು ಕಾಗದಕ್ಕೆ ಹಾಕುವುದಿಲ್ಲ. ಓದಿದವರು ದಾರಿಯಲ್ಲಿ ಕುಸಿದುಬಿದ್ದರೆ ಹಿಡಿಯುವವರು ಯಾರು? ‘ಹುಷಾರಿಲ್ಲ, ಬೇಗ ಬಾ’ ಎಂದಷ್ಟೇ ಬರೆದು, ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳುತ್ತೇವೆ. ಅಂಥ ಕಾರ್ಡುಗಳನ್ನು ಚೌಸಿಕು ನೂರಾರು ಬರೆದಿದ್ದಳು.

ಆ ವರ್ಷ ದೊಡ್ಡ ಮಳೆ ಮುಗಿದ ಮೇಲೆ ತಬೋರಾದಿಂದ ಒಂದು ಕಾರ್ಡು ಬಂತು. ‘ನ್ಯಾಮಿಜಿಗೆ ಹುಷಾರಿಲ್ಲ. ಬೇಗ ಬಾ.’ ಬರಹ ನ್ಯಾಮಿಜಿಯದಲ್ಲ.

“ಹೋಗ್ಬಿಟ್ಲು ಕಣೇ,” ಎಂದಳು ಚೌಸಿಕು. “ಬದುಕಿದ್ದಿದ್ರೆ ಅವಳೇ ಬರೀತಿರ್ಲಿಲ್ವಾ?”

ಸ್ಟೇಷನ್ನಿಗೆ ಹೊರಟೇಬಿಟ್ಟಳು. ನಾನು ಸೆರಗು ಹಿಡಿದೆ.

“ಎಲ್ಲಿಗೆ ಓಡ್ತೀಯ ಅಕ್ಕ? ಕಾರ್ಡು ಬರೋಕೇ ಒಂಬತ್ತು ದಿನ ಆಗಿದೆ. ಮಣ್ಣು ಮುಗಿದುಹೋಗಿರುತ್ತೆ. ನಲವತ್ತನೇ ದಿನದ ಊಟಕ್ಕೆ ಹೋಗು, ಬರಿಗೈಲಿ ಹೋಗಬೇಡ.”

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ? ಅವಳು ನನ್ನ ಮಾತು ಕೇಳಿದಳು. ಒಂದು ತಿಂಗಳು ಅವಳ ನಗು ಕೇಳಲಿಲ್ಲ. ಕಾರ್ಡನ್ನೂ ಬರೆಯಲಿಲ್ಲ. ಇಲ್ಲದವಳಿಗೆ ಏನೆಂದು ಬರೆಯುವುದು?

ಕಾರ್ಡಿನ ತಾರೀಖಿನಿಂದ ದಿನ ಎಣಿಸಿ, ಒಂದು ಮೂಟೆ ಒಣಮೀನಿನ ಜೊತೆ ರೈಲು ಹತ್ತಿದಳು. ಮುಂದಿನದನ್ನು ಅವಳೇ ನನಗೆ ಹೇಳಿದ್ದು. ನ್ಯಾಮಿಜಿಯ ಅಂಗಳದಲ್ಲಿ ಊಟದ ಅಡುಗೆಗೆ ದೊಡ್ಡ ಹಂಡೆಯೂ ಇರಲಿಲ್ಲ, ಜನವೂ ಇರಲಿಲ್ಲ. ತಂಗಿ ಮ್ವಾಸಿತಿ ಒಬ್ಬಳೇ ಕೂತಿದ್ದಳು.

“ಇವತ್ತು ನಲವತ್ತಲ್ವಾ?” ಎಂದು ಚೌಸಿಕು ಕೇಳಿದಳು.

“ಯಾವ ನಲವತ್ತು? ಮೊನ್ನೆ ಶುಕ್ರವಾರ ತಾನೇ ಮಣ್ಣು ಮಾಡಿದ್ವಿ.”

ಕೈ ಊದಿಕೊಂಡು ನ್ಯಾಮಿಜಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲವಂತೆ. ಅವಳು ಹೇಳಿದ್ದನ್ನು ತಂಗಿ ಬರೆದಿದ್ದಳು. ಹುಷಾರಿಲ್ಲದ್ದು ನಿಜ, ಬೇಗ ಬಾ ಎಂದದ್ದೂ ನಿಜ.

“ರೈಲು ಬರೋ ದಿನ ಬಾಗಿಲಲ್ಲಿ ಚಾಪೆ ಹಾಕಿಸ್ಕೊಂಡು ಕೂರೋಳು,” ಎಂದಳು ಮ್ವಾಸಿತಿ. “ನೀನು ಬರ್ಲಿಲ್ಲ ಅಂದ್ರೆ, ಕಾರ್ಡಾದ್ರೂ ಬಂತಾ ಅಂತ ಕೇಳೋಳು. ಗೊರಕೆ ಬಗ್ಗೆ ಬರೆಯೋಕೆ ಪುರುಸೊತ್ತಿತ್ತು, ಇದಕ್ಕೆ ಒಂದು ಸಾಲು ಹಾಕೋಕಾಗ್ಲಿಲ್ವಾ ಅಕ್ಕ? ಕೊನೆಕೊನೆಗೆ ನಿನ್ನ ಹೆಸರು ಎತ್ತೋದನ್ನೇ ಬಿಟ್ಟಳು.”

‘ನೀನು ಸತ್ತಿದ್ದೀಯ ಅಂದುಕೊಂಡಿದ್ದೆ’ ಎಂದು ಯಾರ ಮುಂದೆ ಹೇಳುವುದು? ಮೂಟೆ ಇಳಿಸಿಟ್ಟು ಮರಳಿದಳು.

ಇಷ್ಟನ್ನೂ ಸಂತೆಯಲ್ಲಿ ನನ್ನ ಪಕ್ಕ ಕೂತು, ಮೀನು ಆರಿಸುತ್ತ ಹೇಳಿದಳು.

“ಅವತ್ತೇ ಹೊರಟಿದ್ದೆ ಕಣೇ ನಾನು,” ಎಂದಳು. “ನೀನೇ ಹಿಡ್ಕೊಂಡೆ.”