ಸಾಕಿದ್ದೋ, ಬೀದಿಯದೋ

ಮುಲುಂಡ್ ಸ್ಟೇಷನ್ ಹತ್ತಿರದ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಕಾಂತಪ್ಪ ದೋಸೆ ಹೊಯ್ಯುತ್ತಿದ್ದ. ಕಾರ್ಕಳದ ಕಡೆಯವನು. ಮದುವೆಯಿಲ್ಲ, ಮಲಗುವುದು ಹೋಟೆಲಿನ ಅಟ್ಟದಲ್ಲೇ. ಮಾತಿಗಿಂತ ಮೊದಲು ಸಿಟ್ಟು ಬರುವ ಮನುಷ್ಯನ ಪಕ್ಕ ಕೂತು ಚಹಾ ಕುಡಿಯುವವರೂ ಇರಲಿಲ್ಲ. ಹಿಂದಿನ ಓಣಿಯ ಬೂದು ಬೆಕ್ಕೊಂದೇ ಅವನ ಹತ್ತಿರ ಬರುತ್ತಿದ್ದುದು.

ಅದು ಪೂರ್ತಿ ಕಾಡಿನದೂ ಅಲ್ಲ, ಮನೆಯದೂ ಅಲ್ಲ. ಅವನು ತುಳುವಿನಲ್ಲಿ "ಬಲ, ಬಲ" ಎಂದು ಕರೆದರೆ ಮಾತ್ರ ಗ್ಯಾಸ್ ಸಿಲಿಂಡರುಗಳ ಸಂದಿಯಿಂದ ಹೊರಬಂದು ಹಾಲಿನ ಕೆನೆ ನೆಕ್ಕುತ್ತಿತ್ತು. ಕೈ ಚಾಚಿದರೆ ಪರಚುತ್ತಿತ್ತು. ಒಂದು ಸಲವಾದರೂ ಅದರ ತಲೆ ಸವರಬೇಕೆಂಬ ಆಸೆಯಲ್ಲಿ ಅವನಿಗೆ ವರ್ಷಗಳೇ ಕಳೆದಿದ್ದವು.

ಒಂದು ಭಾನುವಾರ ಬೆಕ್ಕು ಇಲಿಯ ತಲೆಯೊಂದನ್ನು ತಂದು, ಇಡ್ಲಿ ತಿನ್ನುತ್ತಿದ್ದ ಗಿರಾಕಿಗಳ ಕಾಲಬುಡದಲ್ಲಿಟ್ಟು ಹೋಯಿತು. ಯಾರೋ ಫೋಟೋ ತೆಗೆದರು. ಮಾಲೀಕ ಧನರಾಜ್ ಶೆಟ್ಟರು ಅಡುಗೆಮನೆಗೆ ನುಗ್ಗಿದರು.

"ಶುದ್ಧ ಸಸ್ಯಾಹಾರಿ ಬೋರ್ಡು ಹಾಕಿ ಇಲಿ ತಲೆ ಬಡಿಸುದಾ ಮಾರಾಯ? ಇವತ್ತೇ ಅದನ್ನು ದೂರ ಬಿಟ್ಟು ಬಾ."

"ಅದು ಯಾರ ಕೈಗೂ ಸಿಗುದಿಲ್ಲ ಧಣಿ."

"ನೀನು ಕರೆದ್ರೆ ಬರ್ತದಲ್ಲ, ಕರಿ. ಇಲ್ಲದಿದ್ರೆ ನಾಳೆ ಹಾಲಿಗೆ ನಾನೇ ವಿಷ ಹಾಕ್ತೇನೆ."

ಕಾಂತಪ್ಪ ಕೆನೆಯ ಬಟ್ಟಲನ್ನು ಮೊಣಕಾಲ ಹತ್ತಿರ ಇಟ್ಟುಕೊಂಡು ಕರೆದ. ಬೆಕ್ಕು ಬಂತು. ತಲೆಯ ಮೇಲೆ ಕೈಯಿಟ್ಟ. ಅದು ಓಡಲಿಲ್ಲ, ಒಂದು ಗಳಿಗೆ ಸೆಟೆದು ನಿಂತು, ಆಮೇಲೆ ತಾನಾಗಿಯೇ ತಲೆಯನ್ನು ಅವನ ಅಂಗೈಗೆ ಒತ್ತಿತು. ಅಷ್ಟರಲ್ಲಿ ಅವನ ಇನ್ನೊಂದು ಕೈ ಅದರ ಕುತ್ತಿಗೆ ಹಿಡಿದಾಗಿತ್ತು. ಮೈದಾ ಚೀಲಕ್ಕೆ ತುರುಕುವಾಗ ಅದು ಹೆಬ್ಬೆರಳನ್ನು ಮೂಳೆಯವರೆಗೆ ಕಚ್ಚಿತು.

ಲೋಕಲ್ ರೈಲಿನಲ್ಲಿ ತೊಡೆಯ ಮೇಲಿನ ಚೀಲ ಮಗುವಿನಂತೆ ಅಳುತ್ತಿತ್ತು. ಎದುರಿನವನು ಏನೆಂದು ಕೇಳಿದ.

"ತರಕಾರಿ," ಎಂದು ಕಾಂತಪ್ಪ ಸಿಡುಕಿದ.

ದಾದರಿನ ಮೀನು ಮಾರ್ಕೆಟ್ಟಿನಲ್ಲಿ ಚೀಲದ ಬಾಯಿ ಬಿಚ್ಚಿದ. ಬೆಕ್ಕು ತಿರುಗಿಯೂ ನೋಡದೆ ಐಸ್ ಪೆಟ್ಟಿಗೆಗಳ ಅಡಿಗೆ ನುಗ್ಗಿತು. ಬೆರಳು ಊದಿಕೊಂಡಿತ್ತು, ಅಲ್ಲಿಂದ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋದ.

ಸೂಜಿ ಹಿಡಿದ ನರ್ಸ್ ಮರಾಠಿಯಲ್ಲಿ ಕೇಳಿದಳು. "ಬೆಕ್ಕು ಸಾಕಿದ್ದೋ, ಬೀದಿಯದೋ?"

"ಬೀದಿಯದು." ಆಮೇಲೆ ತಿದ್ದಿ, "ಸಾಕಿದ್ದು," ಎಂದ.

"ಯಾವುದಾದರೂ ಒಂದು ಹೇಳಿ ಕಾಕಾ. ಈಗ ಎಲ್ಲಿದೆ?"

"ಬಿಟ್ಟು ಬಂದೆ."

"ಚೆನ್ನಾಯಿತು. ಕಚ್ಚಿದ ಬೆಕ್ಕನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಹುಚ್ಚು ಹಿಡಿದಿದ್ದರೆ ಅಷ್ಟರಲ್ಲಿ ಸಾಯುತ್ತದೆ. ಸೂಜಿಯನ್ನಂತೂ ತಪ್ಪಿಸಬೇಡಿ, ಬೆಕ್ಕನ್ನೂ ಹುಡುಕಿ."

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಕಾಂತಪ್ಪ ಮತ್ತೆ ದಾದರಿಗೆ ಹೋದ. ಮೀನು ಮಾರುವ ಹೆಂಗಸರ ನಡುವೆ ಬಗ್ಗಿ "ಬಲ, ಬಲ" ಎಂದ. ಅವರು ನಕ್ಕರು. ಪೆಟ್ಟಿಗೆಯ ಮರೆಯಲ್ಲಿ ಮೀನಿನ ತಲೆ ಕಚ್ಚಿಕೊಂಡಿದ್ದ ಬೆಕ್ಕು ಆ ದನಿ ಕೇಳಿದ್ದೇ ತಡ, ಬಾಯಲ್ಲಿದ್ದುದನ್ನೂ ಬಿಟ್ಟು ಗೋಡೆ ಹಾರಿ ಹೋಯಿತು.

ಹೋಟೆಲಿಗೆ ಬಂದಾಗ, ನರ್ಸ್ ಹೇಳಿದ ಹತ್ತು ದಿನದ ಮಾತನ್ನು ಆಗಲೇ ಅವನಿಂದ ಕೇಳಿದ್ದ ಶೆಟ್ಟರು ಗಲ್ಲಾದಿಂದಲೇ ಕೇಳಿದರು. "ಎಂತ, ಬದುಕಿ ಉಂಟಾ?"

"ಉಂಟು. ಕರೆದ ಕೂಡಲೇ ಓಡಿತು."

"ಓಡಿದ್ರೆ ಹುಷಾರುಂಟು ಅಂತ ಲೆಕ್ಕ," ಶೆಟ್ಟರು ಚಿಲ್ಲರೆ ಎಣಿಸುತ್ತಲೇ ನಕ್ಕರು. "ನಾಳೆಯೂ ಹೋಗಿ ಓಡಿಸಿ ಬಾ."